ಭಯಂಕರವಾಗಿ ಬಾರದ ಆನೆ

ಡೆಂಕಣಿಕೋಟೆ ಕಡೆಯ ಒಂದು ಕಾಡು ಕಚೇರಿಯ ಮುಂದೆ, ಹುಣಸೆ ಮರದ ಕೆಳಗೆ ಕೂತು ಚೆನ್ನಕೇಶವ ಊರವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ. ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಹೊಲಕ್ಕೆ ಹಂದಿ ನುಗ್ಗಿದರೂ ಅವನ ಅರ್ಜಿಯಲ್ಲಿ ಅದು 'ಅತ್ಯಂತ ಭಯಂಕರವಾಗಿ' ನುಗ್ಗುತ್ತಿತ್ತು, ರೈತರು 'ಬಹು ದಾರುಣವಾಗಿ' ಗೋಳಾಡುತ್ತಿದ್ದರು, ಸಾಹೇಬರು 'ಅತಿ ಶೀಘ್ರವಾಗಿ' ದಯಮಾಡಿಸಬೇಕಿತ್ತು. ಓದಿ ಹೇಳಿದರೆ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಪುಣ್ಯಾತ್ಮನಿಗೆ ಅದೇ ಬಿರುದು.

ಎರಡನೇ ಮಹಾಯುದ್ಧದ ಒಂದು ವರ್ಷ, ರಾಗಿ ತೆನೆಗಟ್ಟುವ ಹೊತ್ತಿಗೆ ಒಂಟಿ ಸಲಗವೊಂದು ಕಾಡಿನಿಂದ ಇಳಿಯಿತು. ತಮಟೆಗೆ ಬೆದರಲಿಲ್ಲ, ಪಂಜಿಗೂ ಬೆದರಲಿಲ್ಲ. ಸಿಡಿಮದ್ದು ಸಿಗದ ಕಾಲ; ಕೋವಿಯಿದ್ದದ್ದು ಕಚೇರಿಯ ಕಾವಲುಗಾರರ ಹತ್ತಿರ ಮಾತ್ರ. ಒಂದು ಬೆಳಿಗ್ಗೆ ಚೆನ್ನಕೇಶವನ ಅಕ್ಕ ಮುನಿರತ್ನಮ್ಮ ಹೊಲದಿಂದ ನೆಟ್ಟಗೆ ಹುಣಸೆ ಮರದ ಕೆಳಕ್ಕೆ ಬಂದಳು. ಗಂಡ ಸತ್ತ ಮೇಲೆ ಅಟ್ಟಣೆ ಹತ್ತಿ ಹೊಲ ಕಾಯುತ್ತಿದ್ದವಳು ಅವಳೇ. ತಾಯಿಯಿಲ್ಲದ ಈ ತಮ್ಮನನ್ನು ಸಾಕಿದವಳೂ ಅವಳೇ.

ಅವಳು ಹೇಳಿದ್ದನ್ನು ಕೇಳಿ ಅವನು ಹಾಳೆ ತುಂಬ ಬರೆದ, ಓದಿದ.

"ಇದು ನನ್ ಆನೆ ಅಲ್ಲ ಕಣ್ಲಾ, ಹರಿಕಥೆ ಆನೆ" ಎಂದಳು ಮುನಿರತ್ನಮ್ಮ. "ಅದು ಘೀಳಿಡ್ಲಿಲ್ಲ, ತೆನೆ ಮುಟ್ಲಿಲ್ಲ. ಬಂತು, ನಿಂತ್ಕೊಂತು, ಅಟ್ಟಣೆ ಕಾಲು ಮೂಸ್ತು, ಹೋಯ್ತು. ಅದಕ್ಕೇ ನಂಗೆ ಭಯ. ಅಷ್ಟೇ ಬರಿ."

ಅವನು ಮತ್ತೆ ಲೇಖನಿ ಎತ್ತಿದ. 'ಭಯಂಕರವಾಗಿ' ಹೊಡೆದುಹಾಕಿದ. 'ದಾರುಣವಾಗಿ' ಹೊಡೆದ. 'ಅತಿ ಶೀಘ್ರವಾಗಿ' ಎಂಬಲ್ಲಿ ಕೈ ತಡೆಯಿತು, ಅದನ್ನೂ ಹೊಡೆದ. ಉಳಿದದ್ದು ಇಷ್ಟು: ಆನೆ ಅಟ್ಟಣೆಯ ಕಾಲು ಮೂಸಿ ಹೋಗಿದೆ. ಅಟ್ಟಣೆಯ ಮೇಲೆ ನನ್ನ ಅಕ್ಕ ಮಲಗುತ್ತಾಳೆ. ಕೋವಿಯವರನ್ನು ಕಳಿಸಿ.

ಕಚೇರಿಯ ಗುಮಾಸ್ತ ಲಕ್ಷ್ಮಣಪ್ಪ ಅದನ್ನು ಓದಿ ನಕ್ಕ.

"ಏನ್ ಚೆನ್ನಕೇಶವಯ್ಯ, ಈ ಸಲ ಭಯಂಕರ ಕಾಣ್ಲಿಲ್ಲ? ನೀವೇ ಹಿಂಗ್ ಬರ್ದಿದ್ದೀರಿ ಅಂದ್ರೆ ಅಂಥಾದ್ದೇನಿಲ್ಲ ಬಿಡಿ. ಸೋಮವಾರ ನೋಡಾನ."

"ಇಲ್ಲ ಸ್ವಾಮಿ, ಇದು ನಿಜ!"

"ಹಂಗಾರೆ ಮಿಕ್ಕಿದ್ದೆಲ್ಲ?"

ಅರ್ಜಿ ಕಂತೆಯ ಅಡಿಗೆ ಹೋಯಿತು.

"ಅವ್ರು ಬರಾಕಿಲ್ಲ ಅಕ್ಕಾ, ಇವತ್ತು ಹೊಲಕ್ಕೆ ಹೋಗ್ಬ್ಯಾಡ" ಎಂದು ಮನೆಗೆ ಬಂದು ಅಂಗಲಾಚಿದ.

"ರಾಗಿ ಹೋದ್ರೆ ತಿನ್ನಾಕೇನೈತ್ಲಾ?" ಎಂದವಳು ಕಂಬಳಿ ಹೆಗಲಿಗೆ ಹಾಕಿಕೊಂಡು ನಡೆದಳು. ತಿರುಗಿ ನೋಡಲಿಲ್ಲ. ಕಾಡಿನ ಅಂಚಿನಲ್ಲಿ ಆ ಸಂಜೆ ಒಂದು ನವಿಲೂ ಕೂಗಲಿಲ್ಲ.

ಮರುದಿನ ಅವನು ಇನ್ನೊಂದು ಅರ್ಜಿ ಕೊಟ್ಟ. ಆನೆ ಬಂತು, ಅಕ್ಕ ಸತ್ತಳು ಎಂದಷ್ಟೇ ಇತ್ತು. ಲಕ್ಷ್ಮಣಪ್ಪ ಹಾಳೆಯನ್ನು ತಿರುಗಿ ಅವನ ಮುಂದಿಟ್ಟ.

"ಹೆಂಗೆ ಅಂತ ಬರೀಬೇಕು ಚೆನ್ನಕೇಶವಯ್ಯ... ಸಾಹೇಬ್ರು ಕೇಳ್ತಾರೆ."

ಚೆನ್ನಕೇಶವ ಲೇಖನಿಯನ್ನು ಮಸಿಗೆ ಅದ್ದಿ ಕೂತ. ಇದ್ದ ಮಾತನ್ನೆಲ್ಲ ಅವನು ಹಂದಿಗಳಿಗೆ ಖರ್ಚು ಮಾಡಿಬಿಟ್ಟಿದ್ದ.