ಕೆಂಪು ತುದಿಯ ಪಟ್ಟಿ ಮತ್ತು ಅಮರೇಶಪ್ಪನವರ ಗಿಟಾರ್

ಅಮರೇಶಪ್ಪನವರಿಗೆ ಗಿಟಾರ್ ಹಿಡಿಯಲು ಕಲಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಾರ್ಖಾನೆಯಲ್ಲಿ ಈಗ ಯಾರಿಗೂ ಅದು ನೆನಪಿಲ್ಲ.

ನಾವಿಬ್ಬರೂ ಹೈದರಾಬಾದಿನ ಬಾಲಾನಗರದ ಒಂದು ಸಣ್ಣ ಫೌಂಡ್ರಿಯಲ್ಲಿ ಕೆಲಸ ಮಾಡುತ್ತೇವೆ. ಪಂಪಿನ ಹೊರಕವಚ, ಮೋಟಾರಿನ ಮುಚ್ಚಳದಂಥ ಬೀಡು ಕಬ್ಬಿಣದ ಸಾಮಾನು ಇಲ್ಲಿ ತಯಾರಾಗುತ್ತದೆ. ಪ್ರತಿಯೊಂದಕ್ಕೂ ಮೊದಲು ಮರದಲ್ಲಿ ಒಂದು ಮಾದರಿ ಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಯಲ್ಲಿ ಕರಗಿದ ಕಬ್ಬಿಣ ಸುರಿಯುತ್ತಾರೆ. ಆ ಮಾದರಿಗಳನ್ನು ಕೆತ್ತುವವರು ಅಮರೇಶಪ್ಪ. ಆರಿದ ಸಾಮಾನನ್ನು ಅಳೆದು, ಸರಿ ಇದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ ಅಂಟಿಸುವವನು ನಾನು.

ಅವರು ಮಾನ್ವಿ ತಾಲೂಕಿನವರು. ಹದಿನೇಳನೆಯ ವಯಸ್ಸಿಗೆ ಊರವರ ಜೊತೆ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಬಂದರು. ಸೆಂಟ್ರಿಂಗ್ ಹಲಗೆ ಬಡಿಯುತ್ತಿದ್ದ ಕಡೆಯಿಂದ ಪಕ್ಕದ ಶೆಡ್ಡು ಕಾಣುತ್ತಿತ್ತಂತೆ. ಅಲ್ಲಿ ಒಬ್ಬ ಮುದುಕ ಮರದಲ್ಲಿ ಹಲ್ಲುಚಕ್ರ ಕೆತ್ತುತ್ತಿದ್ದ. ಅಮರೇಶಪ್ಪ ದಿನಾ ತಮ್ಮ ಬುತ್ತಿ ಹಿಡಿದುಕೊಂಡು ಹೋಗಿ ಆ ಮುದುಕನ ಎದುರು ಕೂತು ಉಣ್ಣತೊಡಗಿದರು. ಕಟ್ಟಡ ಮುಗಿದು ಊರವರೆಲ್ಲ ಮತ್ತೊಂದು ಕಡೆ ಹೊರಟರು, ಇವರು ಅಲ್ಲೇ ಉಳಿದರು. ಓದಿದ್ದು ಏಳನೆಯ ತರಗತಿ. ಡ್ರಾಯಿಂಗಿನ ಮೇಲಿನ ಇಂಗ್ಲಿಷ್ ಓದಲು ಬಾರದು. ಗೆರೆಗಳನ್ನು ಮಾತ್ರ ನನಗಿಂತ ಬೇಗ ಓದುತ್ತಾರೆ.

ಅವರ ಹೆಂಡತಿ ಗದಿಗೆಮ್ಮ ಊರಿನಲ್ಲೇ ಅಂಗನವಾಡಿ ಟೀಚರ್. ಆ ಕೆಲಸ ಬಿಟ್ಟು ಇಲ್ಲಿಗೆ ಬರಲು ಆಕೆಗೆ ಮನಸ್ಸಿಲ್ಲ, ಬರಬೇಕೆಂದು ಇವರೂ ಒತ್ತಾಯಿಸಿದವರಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಕೆಲಸ ಬಿಟ್ಟ ಮೇಲೆ ಕಾಚಿಗುಡಕ್ಕೆ ಹೋಗಿ ರಾಯಚೂರಿನ ರೈಲು ಹತ್ತುತ್ತಾರೆ, ಸೋಮವಾರ ಬೆಳಿಗ್ಗೆ ನೇರವಾಗಿ ಕಾರ್ಖಾನೆಗೆ ಇಳಿಯುತ್ತಾರೆ.

ನನ್ನದು ಸುರಪುರದ ಕಡೆಯ ಹಳ್ಳಿ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯೊಬ್ಬನ ನೋಟುಪುಸ್ತಕ ನಕಲು ಮಾಡಿಕೊಂಡು, ಬೆರಳ ತುದಿ ಒಡೆಯುವವರೆಗೆ ಅಭ್ಯಾಸ ಮಾಡಿ ಗಿಟಾರ್ ಕಲಿತೆ. ಕಾರ್ಖಾನೆಯ ಆಯುಧಪೂಜೆಯಲ್ಲಿ ನಾಲ್ಕು ವರ್ಷ ನಾನೇ ನುಡಿಸಿದೆ. ಜನ ನನ್ನನ್ನು ಶಿವಪ್ರಕಾಶ ಅನ್ನುವುದು ಬಿಟ್ಟು ಗಿಟಾರ್ ಮಾಸ್ತರ ಅನ್ನತೊಡಗಿದ್ದರು. ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು.

ಎರಡು ವರ್ಷದ ಹಿಂದೆ ಅಮರೇಶಪ್ಪ ಒಂದು ಹಳೆಯ ಗಿಟಾರ್ ಹಿಡಿದು ಬಂದು, “ಸರ, ಇದನ್ನ ಹೆಂಗ ಹಿಡಿಬೇಕು ತೋರಸ್ರಿ” ಎಂದರು. ತೋರಿಸಿದೆ. ಮಧ್ಯಾಹ್ನ ಊಟದ ನಂತರ ಹತ್ತು ಹದಿನೈದು ನಿಮಿಷ ಪಾಠ. ಆರು ತಿಂಗಳಿಗೆ ನನ್ನ ನೋಟುಪುಸ್ತಕ ಮುಗಿಯಿತು. ಒಂದು ವರ್ಷಕ್ಕೆ ಅದರಲ್ಲಿ ಇಲ್ಲದ್ದನ್ನೂ ನುಡಿಸುತ್ತಿದ್ದರು. ನಾನು ಬೆರಳು ನೋಡಿಕೊಂಡು ನುಡಿಸುತ್ತೇನೆ, ಈಗಲೂ. ಅವರು ಕಿಟಕಿಯಾಚೆಗಿನ ಲಾರಿ ನೋಡುತ್ತ ನುಡಿಸುತ್ತಾರೆ. ಹುಡುಗರು ನನ್ನ ಸುತ್ತ ಕೂರುತ್ತಿದ್ದವರು ಅವರ ಸುತ್ತ ಕೂರತೊಡಗಿದರು. ಯಾರೂ ನನಗೆ ಅವಮಾನ ಮಾಡಲಿಲ್ಲ, ಸುಮ್ಮನೆ ಜಾಗ ಬದಲಿಸಿದರು.

ಸ್ಟೋರಿನ ವೈಜನಾಥ ಬೀದರಿನವನು, ಬಾಯಿ ಸುಮ್ಮನಿರುವ ಜಾತಿಯಲ್ಲ. “ಏನ್ ಮಾಸ್ತರ, ಶಾಲಿ ಬಂದಾಗೇದೇನು? ಶಿಷ್ಯ ಅಲ್ಲಿ ಯೂನಿವರ್ಸಿಟಿ ನಡಸ್ಲಕತ್ತಾನ” ಎನ್ನುತ್ತಿದ್ದ. ನಾನು ನಗುತ್ತಿದ್ದೆ. ನಕ್ಕ ಮೇಲೆ ಆ ದಿನದ ಸಾಮಾನಿಗೆಲ್ಲ ಸ್ವಲ್ಪ ಹೆಚ್ಚೇ ಕೆಂಪು ಚೀಟಿ ಬೀಳುತ್ತಿತ್ತು.

ಆದರೆ ಯಾರಿಗಾಗಿ ಕಲಿತರೋ ಆ ಗದಿಗೆಮ್ಮ ಅವರ ಗಿಟಾರನ್ನು ಎದುರು ಕೂತು ಕೇಳಿಯೇ ಇರಲಿಲ್ಲ. ಫೋನಿನಲ್ಲಿ ಕೇಳಿದ್ದು ಅಷ್ಟೇ. ಒಮ್ಮೆ ಗಿಟಾರ್ ಹೊತ್ತುಕೊಂಡು ಜನರಲ್ ಡಬ್ಬಿ ಹತ್ತಿದರು. ಬಾಗಿಲಲ್ಲೇ ನೂಕುನುಗ್ಗಲಾಗಿ ಅದರ ಹೊಟ್ಟೆ ಒಡೆಯಿತು. ಮನೆಗೆ ತಂದದ್ದನ್ನು ನೋಡಿ ಆಕೆ, “ಅಲ್ಲಿ ಮಂದಿ ಎಲ್ಲಾ ಕೇಳ್ಯಾರ. ನನ್ನ ಪಾಲಿಗೆ ಮುರದದ್ದು ತಂದ್ರಿ” ಎಂದಳಂತೆ. ಇದನ್ನು ಅಮರೇಶಪ್ಪ ನಗುತ್ತ ನನಗೆ ಹೇಳಿದರು, ಹೇಳಿ ಸ್ವಲ್ಪ ಹೊತ್ತು ಉಳಿಯನ್ನು ಕಲ್ಲಿಗೆ ತೀಡುತ್ತ ಕೂತರು. ಆಮೇಲೆ, “ಸರ, ರೈಲಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಕೂಡೋವಂಥದು ಒಂದು ನಾನ ಮಾಡ್ತೀನಿ. ಈ ಆಯುಧಪೂಜಿ ದಿನ ಊರಿಗೆ ಹೋಗಬೇಕಾದ್ರ ಅದನ್ನ ಒಯ್ತೀನಿ” ಎಂದರು.

ಅವರು ಮಾಡುತ್ತಾರೆ ಎಂದು ನನಗೆ ಆಗಲೇ ಗೊತ್ತಾಯಿತು. ನನ್ನ ಗಿಟಾರ್ ಅಂಗಡಿಯಿಂದ ತಂದದ್ದು.

ಹದಿನೈದು ವರ್ಷದಿಂದ ಅಟ್ಟದಲ್ಲಿ ಬಿದ್ದಿದ್ದ ಒಂದು ಹಳೆಯ ಮಾದರಿಯ ತೇಗದ ತುಂಡನ್ನು ಕುತ್ತಿಗೆಗೆ ಆರಿಸಿಕೊಂಡರು. ಯಂತ್ರ ಬಂದಿದ್ದ ಪೆಟ್ಟಿಗೆಯ ಪೈನ್ ಹಲಗೆಯನ್ನು ಹತ್ತರಿಯಿಂದ ಹೆರೆದು ಹೆರೆದು ಮೇಲಿನ ಮುಚ್ಚಳಕ್ಕೆ ತೆಳ್ಳಗೆ ಮಾಡಿದರು. ಹೊಟ್ಟೆ ಒಂದು ಮೊರದಷ್ಟೂ ಅಗಲವಿಲ್ಲ. ಉದ್ದ ಕಡಿಮೆ ಮಾಡಲು ಕುತ್ತಿಗೆಯ ಮೇಲೆ ತಲೆಯೇ ಇಲ್ಲ, ತಂತಿ ಬಿಗಿಯುವ ಕಿವಿಗಳನ್ನು ಹೊಟ್ಟೆಯ ಹಿಂದಿನ ತುದಿಗೆ ಕೂಡಿಸುವುದು ಅವರದೇ ಯೋಚನೆ. ಒಟ್ಟು ಉದ್ದ ಎಂಟುನೂರು ಮಿಲಿಮೀಟರ್, ಅಂದರೆ ಎಂಬತ್ತು ಸೆಂಟಿಮೀಟರ್. ಆ ಅಳತೆಗೆ ಸರಿಯಾಗಿ ಗದಿಗೆಮ್ಮ ಊರಿನಲ್ಲಿ ದಪ್ಪ ತಾಡಪತ್ರಿಯ ಚೀಲ ಹೊಲಿದಳು. ಒಳಗೆ ಅಲುಗಾಡಬಾರದೆಂದು ಚೂರೂ ಸಡಿಲ ಬಿಟ್ಟಿರಲಿಲ್ಲ.

ಫ್ರೆಟ್ಟುಗಳ ಲೆಕ್ಕ ಮಾತ್ರ ನನ್ನ ಬಳಿ ಬಂತು. ಕುತ್ತಿಗೆಯ ಮೇಲೆ ಅಡ್ಡಡ್ಡ ಕೂಡಿಸುವ ಲೋಹದ ಗೆರೆಗಳು ಅವು. ಒಂದು ತಪ್ಪಿದರೂ ಸ್ವರ ಕೆಡುತ್ತದೆ.

“ನನಗ ಕೈಕೆಲಸ ಬರ್ತೈತಿ, ಲೆಕ್ಕ ಬರಂಗಿಲ್ಲ. ಯಾವ ಗೆರಿ ಎಲ್ಲಿ ಬರ್ಬೇಕು ಬರದು ಕೊಡ್ರಿ ಸರ.”

ತಂತಿಯ ಉದ್ದ ಐನೂರ ಎಪ್ಪತ್ತು ಮಿಲಿಮೀಟರ್ ಎಂದು ಇಟ್ಟುಕೊಂಡು ಹದಿನೆಂಟು ಗೆರೆಗಳ ಜಾಗ ಲೆಕ್ಕ ಹಾಕಿದೆ. ನೀಟಾಗಿ ಬರೆದು ಕೊಟ್ಟೆ. ಒಂದು ಅಂಕಿಯೂ ತಪ್ಪಿರಲಿಲ್ಲ.

ಒಂದು ಮಧ್ಯಾಹ್ನ ಅವರು ಗುರುತು ಹಾಕಲು ಕೂತರು. ನಾನು ಎದುರಿಗಿದ್ದೆ. ನನ್ನ ಚೀಟಿಯನ್ನು ಮೊಳೆಗೆ ಸಿಕ್ಕಿಸಿ, ಜೇಬಿನಿಂದ ಅಳತೆಪಟ್ಟಿ ತೆಗೆದರು. ಅದರ ತುದಿಗೆ ಕೆಂಪು ಬಣ್ಣವಿತ್ತು.

ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಅದಕ್ಕೆ ಮರದ ಮಾದರಿಯನ್ನು ಮೊದಲೇ ಸ್ವಲ್ಪ ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಗೋಜು ಬೇಡವೆಂದು ಅವರ ಬಳಿ ಒಂದು ಬೇರೆ ಪಟ್ಟಿಯೇ ಇರುತ್ತದೆ. ಅದರಲ್ಲಿ ನೂರು ಎಂದು ಬರೆದಿರುವ ಕಡೆ ನಿಜಕ್ಕೂ ನೂರಾ ಒಂದು ಇರುತ್ತದೆ. ಶ್ರಿಂಕೇಜ್ ಪಟ್ಟಿ ಎನ್ನುತ್ತಾರೆ. ಸಾದಾ ಪಟ್ಟಿಯೊಂದಿಗೆ ಬೆರೆಯಬಾರದೆಂದೇ ಕೆಂಪು ಬಣ್ಣ. ಅಮರೇಶಪ್ಪನವರ ಕೈ ಮೂವತ್ತು ವರ್ಷದಿಂದ ಅದೊಂದನ್ನೇ ಜೇಬಿನಿಂದ ತೆಗೆಯುತ್ತ ಬಂದಿದೆ. ಅಂದೂ ತೆಗೆಯಿತು.

ಹೇಳಬೇಕಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ವೈಜನಾಥ ಬಂದು ಕುತ್ತಿಗೆಯ ತೇಗವನ್ನು ಸವರಿ, “ವಾ, ಕ್ಯಾ ಚೀಜ್ ಅದ. ಈ ಸಲ ಪೂಜಿಗಿ ಅಮರೇಶಪ್ಪನೇ ನುಡಸ್ಲಿ. ಮಾಸ್ತರಗ ಒಂದು ವರ್ಷ ಛುಟ್ಟಿ ಕೊಡಮು” ಎಂದ.

“ಏಯ್, ಸರ ಇದ್ದಾಗ ನಾ ಹೆಂಗ ನುಡಸಲಿ” ಎಂದರು ಅಮರೇಶಪ್ಪ. ಆದರೆ ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ನನ್ನ ಬಾಯಿ ಮುಚ್ಚಿಕೊಂಡಿತು. ಅವರು ಚೂಪಾದ ಪೆನ್ಸಿಲಿನಿಂದ ಒಂದೊಂದೇ ಗೆರೆ ಎಳೆದರು. ಹದಿನೆಂಟನ್ನೂ ಎಳೆಯುವವರೆಗೆ ನಾನು ಅಲ್ಲೇ ಕೂತಿದ್ದೆ.

ಮರುದಿನ ಅವರಿಲ್ಲದಾಗ ನನ್ನ ಉಕ್ಕಿನ ಪಟ್ಟಿ ಹಿಡಿದು ನೋಡಿದೆ. ತಂತಿಯ ಸರಿ ಅರ್ಧಕ್ಕೆ, ಇನ್ನೂರ ಎಂಬತ್ತೈದಕ್ಕೆ, ಬರಬೇಕಾದ ಹನ್ನೆರಡನೆಯ ಗೆರೆ ಮೂರು ಮಿಲಿಮೀಟರ್‌ಗೆ ಚೂರು ಕಡಿಮೆ ಮುಂದಕ್ಕೆ ಹೋಗಿತ್ತು. ನನ್ನ ಮೇಜಿಗೆ ಬಂದಿದ್ದರೆ ಕೆಂಪು ಚೀಟಿ. ಗಿಟಾರಿನಲ್ಲಿ ಮೂರು ಮಿಲಿಮೀಟರ್ ಎಂದರೆ ಕಿವಿ ಮುಚ್ಚಿಕೊಳ್ಳಬೇಕು. ಮುಂದಿನ ಮೂರು ವಾರ ನಾನು ಹಗುರವಾಗಿ ಓಡಾಡಿದೆ. ಅವರು ಒಡೆದ ಗಿಟಾರಿನಿಂದ ಫ್ರೆಟ್ ಕಿತ್ತು ನೇರ ಮಾಡಿ ಕೂಡಿಸುವಾಗ, “ಭಾಳ ಚಲೋ ಆಗೈತ್ರಿ” ಎಂದು ಹೊಗಳಿದೆ. ಹಾಗೆ ಹೊಗಳುವುದು ಅಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಆಯುಧಪೂಜೆಯ ದಿನ ಲೇತುಗಳಿಗೆ ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದು, ಪ್ರಸಾದ ಹಂಚಿದ ಮೇಲೆ ಎಲ್ಲರೂ ಸುತ್ತ ಕೂತರು. ಅಮರೇಶಪ್ಪ ಹೊಸ ಗಿಟಾರ್ ತಂದು ನನ್ನ ತೊಡೆಯ ಮೇಲಿಟ್ಟರು.

“ಮೊದಲ ನೀವ ಮುಟ್ರಿ ಸರ. ಕಲಿಸಿದವರು ನೀವು.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ತಂತಿ ಸರಿಮಾಡಿದೆ. ಹನ್ನೆರಡನೆಯ ಗೆರೆಯ ಮೇಲೆ ಬೆರಳು ಸುಮ್ಮನೆ ತಾಗಿಸಿ ಮೀಟಿದೆ, ಆಮೇಲೆ ಅಲ್ಲೇ ಒತ್ತಿ ಮೀಟಿದೆ. ಗೆರೆ ತಪ್ಪಿದ್ದರೆ ಎರಡು ಸ್ವರ ಬೇರೆಯಾಗಬೇಕು. ಒಂದೇ ಬಂತು. ಮತ್ತೊಂದು ತಂತಿ ನೋಡಿದೆ. ಮತ್ತೊಂದು. ಎಲ್ಲವೂ ಒಂದೇ.

“ಏನ್ ಮಾಸ್ತರ, ನಾಡಿ ನೋಡ್ಲಕತ್ತೀರೇನು? ಬದುಕ್ತದೋ ಇಲ್ಲೋ ಹೇಳ್ರಿ” ಎಂದ ವೈಜನಾಥ. ಎಲ್ಲರೂ ನಕ್ಕರು.

ಆಗ ನನಗೆ ಹೊಳೆಯಿತು. ತಂತಿ ಕೂರುವ ಕೊನೆಯ ಮರದ ತುಂಡಿನ ಜಾಗವನ್ನೂ ಅವರು ಅದೇ ಕೆಂಪು ತುದಿಯಿಂದಲೇ ಅಳೆದಿದ್ದರು. ಪ್ರತಿಯೊಂದೂ ನೂರಕ್ಕೆ ಒಂದರಂತೆ ಬೆಳೆದಿದ್ದರೆ ಸ್ವರ ಕೆಡುವುದೆಲ್ಲಿ? ಗಿಟಾರ್ ಸ್ವಲ್ಪ ಉದ್ದವಾಯಿತು, ಅಷ್ಟೇ. ಇದು ಹೈಸ್ಕೂಲಿನ ಅನುಪಾತದ ಪಾಠ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ ನನಗೆ ಮೂರು ವಾರ ಅದು ಕಾಣಲಿಲ್ಲ, ಯಾಕೆಂದರೆ ನೋಡಬೇಕೆಂದು ನನಗೆ ಅನಿಸಿರಲೇ ಇಲ್ಲ.

“ಸರಿ ಐತ್ರಿ” ಎಂದು ಅವರ ಕೈಗೆ ಕೊಟ್ಟೆ. ಅವರು ಕಿಟಕಿ ನೋಡುತ್ತ ನುಡಿಸಿದರು. ಪ್ರಸಾದ ತಿನ್ನುತ್ತಿದ್ದವರು ತಿನ್ನುವುದು ನಿಲ್ಲಿಸಿದರು. ನನಗಾಗಿ ಯಾವತ್ತೂ ಯಾರೂ ಹಾಗೆ ನಿಲ್ಲಿಸಿದ್ದಿಲ್ಲ.

ಸಂಜೆ ರೈಲಿಗೆ ಹೊತ್ತಾಯಿತೆಂದು ಗಿಟಾರನ್ನು ಚೀಲಕ್ಕೆ ಇಳಿಸಿದರು. ಜಿಪ್ ಕೊನೆಗೆ ಬಂದು ನಿಂತುಬಿಟ್ಟಿತು. ಅರ್ಧ ಬೆರಳಗಲದಷ್ಟು ಗಿಟಾರ್ ಹೊರಗೇ ಉಳಿಯಿತು. ಎಳೆದರು, ಒತ್ತಿದರು. ತಾಡಪತ್ರಿ ಜಗ್ಗುವ ಬಟ್ಟೆಯಲ್ಲ. ಫೋನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಗದಿಗೆಮ್ಮನಿಗೆ ಹಚ್ಚಿದರು.

“ಚೀಲ ಸಣ್ಣದಾಗೈತಲ್ಲ. ನಾ ಎಂಬತ್ತು ಸೆಂಟಿಮೀಟರ್ ಹೇಳಿದ್ದೆ.”

“ಎಂಬತ್ತ ಐತ್ರಿ. ಟೇಪ್ ಹಿಡದು ಮೂರು ಸಲ ಅಳದೀನಿ.”

“ಎಲ್ಲೋ ತಪ್ಪೇತಿ ಬಿಡು. ಬಿಚ್ಚಿ ಹೊಲದ್ರಾತು.”

“ತಪ್ಪಿರಂಗಿಲ್ರಿ” ಎಂದಳು ಆಕೆ. ದನಿ ಸಣ್ಣಗಾಗಿತ್ತು. “ಇರಬೇಕೇನೋ. ಲೈಟ್ ಇರಲಿಲ್ಲ ಅವತ್ತು.”

ಅಮರೇಶಪ್ಪ ಹೊಲಿಗೆ ಬಿಚ್ಚಲು ಬ್ಲೇಡು ಹುಡುಕುತ್ತಿದ್ದರು. ಆ ಹೆಂಗಸು ಅಲ್ಲಿ ತನ್ನದಲ್ಲದ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಳು.

“ಚೀಲ ಸರಿ ಐತ್ರಿ” ಎಂದೆ. “ನಿಮ್ಮ ಜೇಬಿನ್ಯಾಗಿನ ಪಟ್ಟಿ ನೋಡ್ರಿ.”

ತೆಗೆದು ನೋಡಿದರು. ಕೆಂಪು ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. “ಅಯ್ಯ, ಇದರಿಂದ ಅಳದೀನಲ್ಲ” ಎಂದು ತಮ್ಮಷ್ಟಕ್ಕೇ ನಕ್ಕರು. ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು.

“ನಿಮಗ ಯಾವಾಗ ಗೊತ್ತಾತು ಸರ?”

“ಗುರುತು ಹಾಕಿದ ದಿನ.”

ಫೋನಿನಲ್ಲಿ ಗದಿಗೆಮ್ಮ, “ಯಾರವರು ಮಾತಾಡಾಕತ್ತವರು?” ಎಂದು ಕೇಳಿದಳು.

“ನನಗ ಕಲಿಸಿದವರು” ಎಂದರು ಅಮರೇಶಪ್ಪ. “ಚೀಲ ಸರಿ ಐತಂತ. ನನ್ನ ಅಳತಿನ ತಪ್ಪಂತ. ಫೋನ್ ಇಡ್ಲ್ಯಾ?”

ಜಿಪ್ಪಿನ ಆಚೆ ಉಳಿದದ್ದನ್ನು ಕರವಸ್ತ್ರದಲ್ಲಿ ಸುತ್ತಿ ಕಟ್ಟಿದರು. ಬಾಗಿಲ ಬಳಿ ಹೋದವರು ತಿರುಗಿ, “ಹೇಳಬೇಕಿತ್ರಿ” ಎಂದರು, ಹೋದರು.

ಹಬ್ಬದ ರಜೆ ಮುಗಿಸಿ ಬಂದಾಗ ಚೀಲದ ತುದಿಗೆ ಒಂದು ಪುಟ್ಟ ಟೊಪ್ಪಿಗೆ ಇತ್ತು, ಹಸಿರು ಇಳಕಲ್ ಸೀರೆಯ ಸೆರಗಿನದು. ಸರಿಯಾಗಿ ಅರ್ಧ ಬೆರಳಗಲ. ಚೀಲದ ಹೊಲಿಗೆ ಬಿಚ್ಚಲು ಗದಿಗೆಮ್ಮ ಒಪ್ಪಲಿಲ್ಲವಂತೆ. “ಗಿಟಾರ್ ಕೇಳಿ ಏನಂದ್ರು?” ಎಂದು ನಾನೇ ಕೇಳಿದೆ.

“ಏನಂತಾಳ್ರಿ. ಇನ್ನೊಮ್ಮೆ ನುಡಸ್ರಿ ಅಂದ್ಲು. ಮತ್ತ ಇನ್ನೊಮ್ಮೆ ಅಂದ್ಲು.”

ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಅದು ಸುಳ್ಳು. ಆ ಟೊಪ್ಪಿಗೆಯನ್ನು ನೋಡಿದಾಗ ಅದು ಇನ್ನೊಂದಿಷ್ಟು ಹೆಚ್ಚಾಯಿತು. ಅಮರೇಶಪ್ಪನವರು ಯಾರಿಗೂ ಏನೂ ಹೇಳಿಲ್ಲ, ವೈಜನಾಥನಿಗೂ. ಆದರೆ ಈಗ ಹೊಸ ಮಾದರಿ ಶುರುಮಾಡುವ ಮೊದಲು ನನ್ನ ಮೇಜಿಗೆ ಬರುತ್ತಾರೆ. ಜೇಬಿನಿಂದ ಪಟ್ಟಿ ತೆಗೆದು ನನ್ನ ಮುಖದ ಎದುರು ಹಿಡಿಯುತ್ತಾರೆ.

“ಸರ, ಇದು ಯಾವುದ್ರಿ?”

“ಕೆಂಪು ತುದಿದ್ರಿ” ಎನ್ನುತ್ತೇನೆ. ಹೇಳುವವರೆಗೆ ಅವರು ಅಲ್ಲಿಂದ ಕದಲುವುದಿಲ್ಲ.