ಶನಿವಾರದ ಕತ್ತಲೆ

ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಮಾತು ಕಡಿಮೆ, ಕೈ ಚುರುಕು. ಅಂಥವರು ಪ್ರತಿ ಶನಿವಾರ ಅಂಗಡಿಗೆ ಬೇಗ ಬಾಗಿಲು ಹಾಕಿ, ಊರಾಚೆ ನಕ್ಷತ್ರ ನೋಡುವವರ ಸಂಘಕ್ಕೆ ಹೋಗತೊಡಗಿದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಕೇಳಿದರೆ, ದೂರದರ್ಶಕವನ್ನು ತಿರುಗಿಸುವ ಹಲ್ಲುಚಕ್ರ ಸರಿಮಾಡಲು ಕರೆಯುತ್ತಾರೆ ಎಂದರು. ವಾರವಾರ ಕೆಡುವ ಚಕ್ರ ಅದೆಂಥದ್ದೋ! ಅಲ್ಲೊಬ್ಬ ಟೀಚರಮ್ಮ ಇದ್ದಾಳೆಂದು ನಾದಿನಿ ಕಿವಿಗೆ ಹಾಕಿದ ಮೇಲಂತೂ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಈ ಮನುಷ್ಯ ಕೈತಪ್ಪಿದರೆ ನನ್ನ ಗತಿಯೇನು? ನಾನೂ ಬರುತ್ತೇನೆಂದೆ. ಅವರ ಮುಖ ಸಪ್ಪಗಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಸಂಘದ ಕಾರ್ಯದರ್ಶಿಯ ಕಾರಿನಲ್ಲಿ ಹೋದೆವು. ಹೊಲಗಳ ನಡುವೆ ಕೊನೆಯ ತಿರುವು ಬಂದೊಡನೆ ಆತ ದೀಪ ಆರಿಸಿಬಿಟ್ಟ. ಬೆಳಕು ಬಿದ್ದರೆ ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡುತ್ತದಂತೆ; ನಕ್ಷತ್ರ ನೋಡುವ ಕೋಣೆಯ ಒಳಗೂ ಕೆಂಪು ಕಾಗದ ಸುತ್ತಿದ ಟಾರ್ಚ್ ಮಾತ್ರವಂತೆ. ಮರ್ಯಾದಸ್ಥರು ದೀಪ ಆರಿಸಿಕೊಂಡು ಮಾಡುವ ಕೆಲಸ ಯಾವುದಪ್ಪಾ ಎಂದುಕೊಂಡೆ. ಮೆಟ್ಟಿಲ ಬಳಿ ಟೀಚರಮ್ಮ ಬಂದವಳೇ ನನ್ನೆದುರೇ ಇವರ ಕೈ ಹಿಡಿದಳು. ಹಲ್ಲು ಕಚ್ಚಿದೆ. ಆಮೇಲೆ ನನ್ನ ಕೈಯನ್ನೂ ಹಿಡಿದಳು; ಅಲ್ಲಿ ಎಲ್ಲರೂ ಹಾಗೇ ಸಾಲಾಗಿ ಹತ್ತುತ್ತಾರಂತೆ. ಆದರೂ ನನಗೆ ನಂಬಿಕೆ ಬರಲಿಲ್ಲ.

ಮಿಕ್ಕವರು ಆಕಾಶ ಕಾಣಲೆಂದು ಕೋಣೆಯ ತಗಡಿನ ಚಾವಣಿಯನ್ನು ಹಳಿಯ ಮೇಲೆ ಪಕ್ಕಕ್ಕೆ ತಳ್ಳುತ್ತಿದ್ದರು. ಇವರು ದೂರದರ್ಶಕವನ್ನು ತಿರುಗಿಸಿ ಕಣ್ಣಿಟ್ಟು, ಶನಿಯ ಬಳೆ ಇವತ್ತು ಎಷ್ಟು ಸ್ಪಷ್ಟವಾಗಿದೆ ಎಂದು ಬಣ್ಣಿಸಿದರು. ನಾನೂ ನೋಡಿದೆ. ಬರೀ ಕಪ್ಪು. ನನ್ನನ್ನು ಮಂಗ ಮಾಡುತ್ತಿದ್ದಾರೆಂದು ಸಿಟ್ಟು ನೆತ್ತಿಗೇರಿತು. ಕೊಳವೆಯ ತುದಿಯವರೆಗೂ ಕೈಯಾಡಿಸಿದೆ. ಮುಚ್ಚಳ ಇನ್ನೂ ಹಾಗೇ ಇತ್ತು.

ಅಂಗಡಿಯ ಬಲ್ಬು ಮಂಕಾಗಿದೆ ಎಂದು ಗೊಣಗಿದ್ದು, ಹೆಂಗಸರ ಸಣ್ಣ ಕೈಗಡಿಯಾರಗಳನ್ನು ವಾಪಸು ಕಳಿಸಿದ್ದು, ಸೂಜಿಗೆ ದಾರ ಹಾಕಿಕೊಡಿ ಎಂದರೆ ರೇಗಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಸದ್ದಿಲ್ಲದೆ ಮುಚ್ಚಳ ತೆಗೆದೆ. ಎಲ್ಲರಿಗೂ ಕೇಳುವಂತೆ, ಹೌದು, ಬಳೆ ಚೆನ್ನಾಗಿದೆ ಎಂದೆ.

ಆಮೇಲೆ ಇವರನ್ನು ಹೊರಗಿನ ಕಟ್ಟೆಗೆ ಕರೆತಂದೆ.

"ಎಷ್ಟು ದಿನದಿಂದ ಹೀಗೆ?"

"ವರ್ಷ ಆಗ್ತಾ ಬಂತು. ದಿನೇ ದಿನೇ ಮಸುಕಾಗ್ತಿದೆ."

ಅಳು ಉಕ್ಕಿ ಬಂತು, ಜೊತೆಗೆ ಸಿಟ್ಟೂ. "ಏನೂ ಕಾಣದ ಮೇಲೆ ಇಲ್ಲಿಗ್ಯಾಕೆ ಬರ್ತೀರಿ?"

ಅವರು ನನ್ನ ಕೈಗಾಗಿ ತಡಕಿದರು. ನಾನೇ ಕೊಟ್ಟೆ.

"ಇಲ್ಲಿ ಕತ್ತಲಲ್ಲಿ ಎಲ್ಲರೂ ತಡಕಾಡ್ತಾರೆ ಕಣೇ," ಎಂದರು. "ನಾನೊಬ್ಬನೇ ಅಲ್ಲ."