ಹಳೇದು ಕೊಡಿ

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ದಾಖಲೆ ನೋಡಿಕೊಳ್ಳುವ ಅಕ್ಕನಿಗೆ ‘ಹಳೇದು ಕೊಡಿ’ ಎಂದೇ ಅಡ್ಡಹೆಸರು. ಕೆಲಸದ ಸೂಚನೆ ಬದಲಾದಾಗಲೆಲ್ಲ ಯಂತ್ರದಿಂದ ಯಂತ್ರಕ್ಕೆ ತಾನೇ ನಡೆದು, ಹಳೆಯ ಹಾಳೆ ಕೈಗೆ ಬಂದ ಮೇಲೆಯೇ ಹೊಸದನ್ನು ಕೊಡುತ್ತಿದ್ದಳು. ಎರಡೂ ಇದ್ದರೆ ಕೈ ಹಳೆಯದಕ್ಕೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಯಾರ ಮುಲಾಜಿಗೂ ಬೀಳುವವಳಲ್ಲ.

ಅವಳ ನಿವೃತ್ತಿಯ ದಿನ ಫೋರ್‌ಮನ್ ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದ.

“ಹನ್ನೊಂದು ವರ್ಷದ ಹಿಂದೆ, ಕಳೆದುಹೋಯ್ತು ಅಂತ ಹೊಸದು ಇಸ್ಕೊಂಡಿದ್ನಲ್ಲ, ಆ ಹಾಳೆ ಇದೇ ಅಕ್ಕ. ನಿಮ್ಮ ಕಣ್ಣಿಗೆ ಮಣ್ಣೆರಚಿದೋನು ನಾನೊಬ್ನೇ,” ಎಂದು ನಕ್ಕ.

ಅವಳು ಹಾಳೆಗೆ ‘ರದ್ದು’ ಮುದ್ರೆ ಒತ್ತಿ, ಹಳೆಯ ರಿಜಿಸ್ಟರ್ ತೆರೆದು ಅವನ ಮುಂದಿಟ್ಟಳು. ಅವನ ಪ್ರತಿಯ ಎದುರು ಮಾಸಿದ ಶಾಯಿಯಲ್ಲಿ ಹೀಗಿತ್ತು: ‘ಕಳೆದುಹೋಗಿದೆ ಎನ್ನುತ್ತಾರೆ. ಬರಬೇಕಾಗಿದೆ.’